ಹಕ್ಕಲ ಆಯಿ

ಮೊನ್ನೆ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ರೋಣದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಕಾಗದದ ಪೊಟ್ಟಣ ಬಿಚ್ಚಿದಳು. ಸೀತನಿ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದ ಕಾಳು, ಇನ್ನೂ ಬಿಸಿ ಇತ್ತು. ಆ ಹಸಿ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನರೇಗಲ್ಲಿನ ನಮ್ಮ ಕಪ್ಪು ಎರೆ ಮಣ್ಣಿನ ಹೊಲ ನೆನಪಾಯಿತು, ಅದರ ಹಿಂದೆಯೇ ಹಕ್ಕಲ ಆಯಿ ನೆನಪಾದಳು... ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಕೊಯ್ಲು ಮುಗಿದ ಹೊಲದಲ್ಲಿ ಬಿದ್ದು ಉಳಿದ ತೆನೆಗೆ ನಮ್ಮ ಕಡೆ ಹಕ್ಕಲು ಅನ್ನುತ್ತಾರೆ. ಅದು ಹೊಲದವರದಲ್ಲ, ಆರಿಸಿಕೊಂಡವರದು. ಹಾಗೆ ಆರಿಸುತ್ತಿದ್ದ ಮುದುಕಿಯನ್ನೇ ನಾವು ಹಕ್ಕಲ ಆಯಿ ಅನ್ನುತ್ತಿದ್ದೆವು; ದರ್ಗಾದ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದಳು. ನಾವು ತೆನೆಯನ್ನೆಲ್ಲ ಕಣಕ್ಕೆ ಸಾಗಿಸಿದ ಮರುದಿನ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಮೊದಲ ತೆನೆ ಎತ್ತುವಾಗ ಬಿಸ್ಮಿಲ್ಲಾ ಅನ್ನುತ್ತಿದ್ದಳು. ಬದುವಿನ ಮೇಲೆ ಕೂತ ನಮ್ಮಪ್ಪ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ಹಕ್ಕಲು ಆರಿಸುವವರಿಗೆ ಸಂಕೋಚವಾಗಬಾರದು, ಅವರನ್ನು ನೋಡಬಾರದು ಅನ್ನುವುದು ಅವನ ನೇಮ. ಚೀಲ ಮುಕ್ಕಾಲು ತುಂಬಿದರೆ ಸಾಕು, ಆಯಿ ಹೊರಟುಬಿಡುತ್ತಿದ್ದಳು. ಇನ್ನೂ ತೆನೆ ಬಿದ್ದಿವೆಯಲ್ಲ ಅಂದರೆ, "ನನ್ನ ಹಿಂದ ಹಕ್ಕಿ ಬರ್ತಾವಲ್ರಿ, ಅವಕ್ಕೂ ಹೊಟ್ಟಿ ಐತಿ" ಅನ್ನುತ್ತಿದ್ದಳು. ಆ ಜೋಳವೇ ಅವಳನ್ನು ಮಳೆಗಾಲ ದಾಟಿಸುತ್ತಿತ್ತು.

ಆಗ ನಾನು ಹೊಸ ಮಾಸ್ತರ, ತಲೆಯಲ್ಲಿ ದೊಡ್ಡ ದೊಡ್ಡ ವಿಚಾರ. ಜಗತ್ತಿನಲ್ಲಿ ಎಷ್ಟು ಮಂದಿ ಉಪವಾಸ ಮಲಗುತ್ತಾರೆ, ನಾವು ಎಷ್ಟು ಕಾಳು ಮಣ್ಣುಪಾಲು ಮಾಡುತ್ತೇವೆ ಎಂದು ಮಕ್ಕಳ ಮುಂದೆ ಗಂಟೆಗಟ್ಟಲೆ ಕೊರೆಯುತ್ತಿದ್ದೆ. ಒಂದು ವರ್ಷ ಅಪ್ಪನಿಗೆ ಮೊಣಕಾಲು ನೋವು ಬಂದು ಸುಗ್ಗಿಯ ಉಸ್ತುವಾರಿ ನನ್ನ ಕೈಗೆ ಬಂತು. ಒಂದು ತೆನೆಯೂ ಹಾಳಾಗಬಾರದು ಎಂದು ಕೊಯ್ದ ಹೊಲದಲ್ಲೇ ಬಿದ್ದ ತೆನೆಗಾಗಿ ಆಳುಗಳನ್ನು ಮತ್ತೆರಡು ಸಲ ತಿರುಗಿಸಿದೆ. ಅವರಲ್ಲೊಬ್ಬಳು ನಿಂತು, "ಹಕ್ಕಲ ಬಿಡೂದಿಲ್ಲೇನ್ರಿ?" ಅಂದಳು. ಅವಳಿಗೂ ಹಸಿವಿನ ಮೇಲೆ ಒಂದು ಪಾಠ ಹೇಳಿದೆ. ನನ್ನ ತಲೆಯಲ್ಲಿದ್ದ ಹಸಿದವರೆಲ್ಲ ದೂರದ ದೇಶದವರು. ಆಯಿಯ ನೆನಪೇ ಆಗಲಿಲ್ಲ. ಹೊಲ ಕಸಬರಿಗೆಯಿಂದ ಗುಡಿಸಿದ ಹಾಗಾಯಿತು. ನನಗೋ ಭಾರಿ ಹೆಮ್ಮೆ.

ಮರುದಿನ ಆಯಿ ಬಂದಳು. ಈ ಬದುವಿನಿಂದ ಆ ಬದುವಿನವರೆಗೆ ಹೋದಳು, ಬಂದಳು. ಒಂದು ಸಲವೂ ಬಗ್ಗಲಿಲ್ಲ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಈ ಸಲ ಚಲೋ ಕೊಯ್ಸೀರಿ ಮಾಸ್ತರ" ಅಂದಳು. ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ಚುಚ್ಚುತ್ತಿರಲಿಲ್ಲವೇನೋ...

ವಿಷಯ ಕೇಳಿ ಅಪ್ಪ ಬೈಯಲಿಲ್ಲ. "ಆಕೀ ಪಾಲನೂ ಮನೀಗೆ ತಂದೀಯಲ್ಲೋ" ಅಂದು ಗೋಡೆ ಕಡೆ ಹೊರಳಿ ಮಲಗಿದ. ಅಂದು ಸಂಜೆಯೇ ಅರ್ಧ ಚೀಲ ಜೋಳ ಸೈಕಲ್ಲಿನ ಮೇಲೆ ಹೇರಿಕೊಂಡು ಅವಳ ಬಾಗಿಲಿಗೆ ಹೋದೆ. ಕಟ್ಟೆಯ ಮೇಲೆ ಕೂರಿಸಿದಳು, ನೀರು ಕೊಟ್ಟಳು. ಜೋಳ ಮಾತ್ರ ಮುಟ್ಟಲಿಲ್ಲ.

"ನೆಲದ ಮ್ಯಾಲ ಬಿದ್ದದ್ದು ಅಲ್ಲಾ ಕೊಟ್ಟದ್ರಿ. ಇದು ನೀವು ಕೊಟ್ಟದ್ದು. ಇದನ್ನ ತಗೊಂಡ್ರ ನಾಳಿಂದ ನಾ ಬೇಡುವಾಕಿ ಆಗ್ತೀನಿ. ಒಯ್ರಿ, ಸಿಟ್ಟಾಗಬ್ಯಾಡ್ರಿ."

ಮರುವರ್ಷ ಅಪ್ಪ ಕುಂಟುತ್ತ ಹೊಲಕ್ಕೆ ಬಂದು, ಮುಂದೆ ನಿಂತು ಎರಡು ಸಾಲು ಕೊಯ್ಯದೆ ಬಿಡಿಸಿದ. ಆಯಿ ಬರಲಿಲ್ಲ. ಹಿಂದಿನ ಮಳೆಗಾಲದಲ್ಲೇ ಮನೆಯ ಕಾಳು ತೀರಿ, ಗಜೇಂದ್ರಗಡದ ತಂಗಿಯ ಮನೆ ಸೇರಿದ್ದಳಂತೆ. ಯಾರ ಕೈಯನ್ನೂ ನೋಡದವಳು ಕೊನೆಗೆ ಇನ್ನೊಬ್ಬರ ಒಲೆಯ ಮುಂದೆ ಕೂರಬೇಕಾಯಿತು. ಅಲ್ಲೇ ತೀರಿಕೊಂಡಳು ಎಂದು ಯಾರೋ ಹೇಳಿದರು, ಅದೂ ಎಷ್ಟೋ ತಿಂಗಳ ಮೇಲೆ...

ಈಗ ಅಪ್ಪನೂ ಇಲ್ಲ. ಪ್ರತಿ ಸುಗ್ಗಿಯಲ್ಲೂ ಎರಡು ಸಾಲು ಬಿಡುತ್ತೇನೆ. ರೇಷನ್ ಅಕ್ಕಿ ಬಂದ ಮೇಲೆ ಹಕ್ಕಲಿಗೆ ಯಾರೂ ಬರುವುದಿಲ್ಲ, ಅದು ಒಳ್ಳೆಯದೇ. ಕಂಡವರು ನನ್ನನ್ನು ಧರ್ಮಾತ್ಮ ಅನ್ನುತ್ತಾರೆ. ಆ ಸಂಜೆ ಆಯಿ ಕೊಟ್ಟ ನೀರು ಕುಡಿದೆ, ಜೋಳ ತಗೋ ಎಂದು ನಾಲ್ಕು ಸಲ ಹೇಳಿದೆ. ತಪ್ಪಾಯಿತು ಎಂದು ಒಂದು ಸಲವೂ ಹೇಳಲಿಲ್ಲ.