ಬಾವಿಯಲ್ಲಿ ಕಲಿತ ಈಜು, ಕೆರೆಯ ಆಚೆ ದಂಡೆ

ವೈನಿ ಈಜುವುದನ್ನು ನೋಡಿದರೆ ನನಗೆ ಮೊದಲು ಹೊಟ್ಟೆಕಿಚ್ಚು, ಆಮೇಲೆ ಹೆಮ್ಮೆ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಕರಜಗಿಯ ಒಕ್ಕಲುತನದ ಮನೆಯಿಂದ ಸೊಲ್ಲಾಪುರದ ನಮ್ಮ ಚಾದರ ವ್ಯಾಪಾರದ ಮನೆಗೆ ಬಂದವರು. ತವರಿನ ಹೊಲದ ದುಂಡು ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಿದ್ದರು. ಮದುವೆಯಾದ ಮೇಲೆ ನೀರಿಗೆ ಇಳಿದಿರಲಿಲ್ಲ.

ನನ್ನ ಮೊಣಕಾಲು ನೋವಿಗೆ ಡಾಕ್ಟರು ಈಜು ಹೇಳಿದಾಗ, ಒಬ್ಬಳೇ ಹೋಗಲು ಸಂಕೋಚವಾಗಿ ಅವರನ್ನೂ ಎಳೆದುಕೊಂಡು ಹೋದೆ. ನಾನು ಈಜುಕೊಳದ ಗೋಡೆ ಹಿಡಿದು ನಡುಗುತ್ತಿದ್ದರೆ ಅವರು ಡುಬುಕ್ಕನೆ ಹಾರಿ ಆ ಕಡೆ ಎದ್ದರು!

ಕಲಿಸುವ ಹೆಂಗಸನ್ನು ಎಲ್ಲರೂ ಕೋಚ್ ಬಾಯಿ ಅನ್ನುತ್ತಿದ್ದರು; ಅವರು ಮೂರು ಗುಂಪು ಮಾಡಿದ್ದರು. ಹೊಸಬರು ಕೊಳದ ಅರ್ಧ ಈಜಿ ನಿಂತು ಉಸಿರು ತೆಗೆದುಕೊಳ್ಳಬೇಕು. ನಡುವಿನವರು ನಿಲ್ಲದೆ ಹೋಗಿ ಬರಬೇಕು. ಅಕ್ಕಲಕೋಟೆ ಕಡೆಯ ಕೆರೆ ದಾಟಲು ತಯಾರಾಗುತ್ತಿದ್ದವರು ಗೋಡೆ ಹಿಡಿಯದೆ ಬಹಳ ಹೊತ್ತು ಈಜಬೇಕು. ವೈನಿ ಯಾವುದಕ್ಕೂ ಹೊಂದಲಿಲ್ಲ. ದಮ್ಮು ಕೆರೆ ದಾಟುವವರದ್ದು, ತಲೆ ನೀರ ಮೇಲಿಟ್ಟು ಕೈ ಬಡಿಯುವ ರೀತಿ ಹಳ್ಳಿಯದ್ದು. ಆದರೂ ಕೆರೆ ದಾಟಲೇಬೇಕೆಂದು ಹಟ ಹಿಡಿದರು. ಮುಖ ನೀರಲ್ಲಿಟ್ಟು ಈಜಲು ಕೋಚ್ ಬಾಯಿ ಕಲಿಸಿದರು. ಅದನ್ನೂ ಕಲಿತರು, ಪುಣ್ಯಾತ್ಗಿತ್ತಿ.

ಕೆರೆಯಲ್ಲಿ ಪರೀಕ್ಷೆ ಇಟ್ಟ ದಿನ ಎಲ್ಲರಿಗಿಂತ ಮುಂದೆ ಹೊರಟವರು ಅವರೇ. ಸ್ವಲ್ಪ ದೂರ ಹೋಗಿ ಎಡಕ್ಕೆ ಹೊರಳಿದರು. ಇನ್ನೂ ಹೊರಳಿದರು. ದುಂಡು ಬಾವಿಯಲ್ಲಿ ಸುತ್ತಿ ಸುತ್ತಿ ಬಂದ ರೂಢಿ. ಮುಖ ನೀರಿಗಿಟ್ಟೊಡನೆ ಮೈ ತಾನಾಗಿ ಬಾವಿ ಹುಡುಕುತ್ತಿತ್ತು.

“ಕಾಕು, ಸೀದಾ ಹೋಗ್ರಿ, ಸೀದಾ!” ವೈನಿಯನ್ನು ಚಿಕ್ಕಮ್ಮ ಅನ್ನುವಂತೆ ಕಾಕು ಅನ್ನುತ್ತಿದ್ದ ಕೋಚ್ ಬಾಯಿ ದೋಣಿಯಿಂದ ಕೂಗಿದ್ದೇ ಕೂಗಿದ್ದು. ವೈನಿ ಗೆದ್ದ ಖುಷಿಯಲ್ಲಿ ತಲೆ ಎತ್ತಿದರೆ ಎದುರಿಗೆ ನಮ್ಮದೇ ದಂಡೆಯ ಎಮ್ಮೆಗಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನೋಡಲು ಬಂದಿದ್ದ ಅಣ್ಣ ಮಾತ್ರ, “ಸಾಕಿನ್ನ, ಮನ್ಯಾಗ ಕೂಡು” ಅಂದ. ಬರುವ ದಾರಿಯಲ್ಲಿ ವೈನಿ ಕಣ್ಣೊರೆಸಿಕೊಂಡರು.

“ಒಂದ ಸಲ ಆಚಿ ದಂಡಿ ಮುಟ್ಟಬೇಕ್ರಿ. ಬಾವ್ಯಾಗ ಎಷ್ಟ ಈಸಿದ್ರೂ ಆಚಿ ದಂಡಿನ ಇರ್ತಿದ್ದಿಲ್ಲ.”

ಅಣ್ಣ ಅವರ ಒದ್ದೆ ಬಟ್ಟೆಯ ಚೀಲ ತಾನೇ ಹೊತ್ತುಕೊಂಡ.

ಮರುದಿನ ನಾನೇ ಕೋಚ್ ಬಾಯಿಗೆ ಗಂಟು ಬಿದ್ದೆ. ಫೋನಿನಲ್ಲಿ ಹುಡುಕಿದ ಅಭ್ಯಾಸಗಳೆಲ್ಲ ಕೊಳದಲ್ಲಿ ಕಲಿತವರಿಗಾಗಿ ಇದ್ದವು. ಬಾವಿಯವರಿಗೆ ಯಾರು ಬರೆದಿದ್ದಾರೆ? ಆಕೆ ಯೋಚಿಸಿ ವೈನಿಗೆಂದೇ ಒಂದು ಪಾಠ ಮಾಡಿದರು. ನಾಲ್ಕಾರು ಸಲ ಮುಖ ನೀರಲ್ಲಿಟ್ಟು ಕೈ ಬೀಸುವುದು, ಆಮೇಲೆ ಹಳ್ಳಿಯ ರೀತಿಯಲ್ಲಿ ತಲೆ ಎತ್ತಿ ಗುರುತು ನೋಡುವುದು, ಮತ್ತೆ ಮುಖ ನೀರಿಗೆ.

“ಕಾಕು, ನಿಮ್ಮ ಬಾವಿ ಈಸೂದು ಬಿಡಬ್ಯಾಡ್ರಿ. ಅದೂ ಬೇಕು” ಅಂದರು. ಒಂದು ತೊಂದರೆ ಉಳಿಯಿತು: ಕನ್ನಡಕ ತೆಗೆದರೆ ವೈನಿಗೆ ದೂರದ್ದು ಕಾಣುವುದಿಲ್ಲ.

ದಾಟುವ ದಿನ ಅಣ್ಣ ಹೇಳದೆ ಕೇಳದೆ ಅಂಗಡಿಗೆ ಬೀಗ ಹಾಕಿದ. ಕೆರೆ ಸುತ್ತಿ ಆಚೆ ದಂಡೆಗೆ ಹೋಗಿ, ಅಂಗಡಿಯ ಅತಿ ದೊಡ್ಡ ಕೆಂಪು ಚಾದರವನ್ನು ಎರಡು ಕೋಲಿಗೆ ಕಟ್ಟಿ ಎತ್ತಿ ನಿಂತ. ಗಿರಾಕಿಗೆ ಚಾದರ ಬಿಡಿಸಿ ತೋರಿಸಲೂ ಬೇಸರಿಸುವ ಮನುಷ್ಯ!

ಕೆಂಪು ಕಂಡತ್ತ ಈಜಲು ವೈನಿಗೆ ಹೇಳಿ ನಾನು ದೋಣಿ ಹತ್ತಿದೆ. ವೈನಿ ತಲೆ ಎತ್ತುವರು, ಕೆಂಪು ನೋಡುವರು, ಮುಳುಗುವರು. ನಡುನೀರಿನಲ್ಲಿ ಎಡಕ್ಕೆ ಹೊರಳಿದಾಗ ನನ್ನ ಜೀವ ಬಾಯಿಗೆ ಬಂತು. ತಲೆ ಎತ್ತಿದರು, ತಿದ್ದಿಕೊಂಡರು. ಎಂಥ ಗಟ್ಟಿ ಹೆಂಗಸು! ನಾನು ಮಕ್ಕಳಂತೆ ಚಪ್ಪಾಳೆ ತಟ್ಟಿದೆ.

ಕೈಗೆ ಕೆಸರು ಸಿಕ್ಕಾಗ ಅವರು ತಕ್ಷಣ ಏಳಲಿಲ್ಲ. ಸೊಂಟಮಟ್ಟದ ನೀರಿನಲ್ಲಿ ಕೂತು, ಚಾದರ ಹಿಡಿದವನತ್ತ ಕಣ್ಣು ಕಿರಿದು ಮಾಡಿ ಕೇಳಿದರು.

“ಇದು ಆಚಿ ದಂಡಿನ ಹೌದಲ್ರಿ?”

ಅಣ್ಣ ಚಪ್ಪಲಿ ಸಮೇತ ನೀರಿಗಿಳಿದು ಚಾದರ ಹೊದಿಸಿದ.

“ಹೌದ ಹುಚ್ಚಿ. ಎಮ್ಮಿ ಆಕಡಿನ ಉಳದಾವ.”