ಖಾಲಿ ಕಾಟಾದ ಮೇಲಿನ ತೂಕ

ಇದನ್ನು ಹೇಳಿದಾಗಲೆಲ್ಲ ನನ್ನ ಗಂಡ ನಗುತ್ತಾನೆ. ನಗಲಿ. ಆ ರಾತ್ರಿ ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆಂದು ಜೇವರ್ಗಿಯ ಬೇಳೆ ಮಿಲ್ಲಿನಲ್ಲಿ ಕೂತಿದ್ದವಳು ನಾನು, ಅವನಲ್ಲ.

ಮಿಲ್ಲಿನ ತೂಕ, ಲೆಕ್ಕ ಎಲ್ಲವೂ ಒಂದು ವರ್ಚುವಲ್ ಮಷೀನಿನಲ್ಲಿ ನಡೆಯುತ್ತಿತ್ತು. ಅಂದರೆ, ಸರ್ವರಿನೊಳಗೆ ಬರೀ ಸಾಫ್ಟ್‌ವೇರ್ ಆಗಿ ಇರುವ ಇನ್ನೊಂದು ಕಂಪ್ಯೂಟರ್. ಸರ್ವರು ಇಂದೋ ನಾಳೆಯೋ ಎನ್ನುವಂತಿತ್ತು. ಬೆಳಗಾಗುವುದರೊಳಗೆ ಆ ಮಷೀನನ್ನು ಕ್ಲೌಡಿಗೆ, ಇಂಟರ್ನೆಟ್ಟಿನ ಮೂಲಕ ದೂರದ ಸರ್ವರುಗಳಿಗೆ, ಸಾಗಿಸಬೇಕು. ಆಮೇಲೆ ಹೊಳೆದಂಡೆಯ ಸೊನ್ನದ ಕಡೆಯಿಂದ ತೊಗರಿ ಹೇರಿದ ಟ್ರ್ಯಾಕ್ಟರುಗಳು ಬಂದು ಸಾಲುಗಟ್ಟುತ್ತವೆ.

ಸಾಗಿಸಹೋದರೆ ಮುಗಿಯುವ ಹೊತ್ತಿಗೆ ಅದೇ ಸಂದೇಶ... ಈ ಸಾಧನಕ್ಕೆ ಕ್ಲೌಡಿನಲ್ಲಿ ಬೆಂಬಲವಿಲ್ಲ. ಕಾರಣ ಗೊತ್ತಿತ್ತು. ಅಂಗಳದ ವೇಬ್ರಿಜ್, ಗಾಡಿಗಳನ್ನು ಹೇರಿನ ಸಮೇತ ತೂಗುವ ಕಬ್ಬಿಣದ ಹಾಸು, ನಮ್ಮ ಕಡೆ ಕಾಟಾ ಅನ್ನುತ್ತಾರೆ, ಅದನ್ನು ಯಾರೋ ಪುಣ್ಯಾತ್ಮ ನೇರವಾಗಿ ಈ ಮಷೀನಿಗೇ ಜೋಡಿಸಿಟ್ಟಿದ್ದ. ಕ್ಲೌಡು ಅಂಥದ್ದನ್ನು ಒಪ್ಪುವುದಿಲ್ಲ.

ಸೆಟ್ಟಿಂಗಿನಿಂದ ಕಾಟಾವನ್ನು ತೆಗೆದೆ. ಮತ್ತೆ ಶುರು ಮಾಡಿದೆ. ಮತ್ತೆ ಅದೇ ಸಂದೇಶ. ನೋಡಿದರೆ ಕಾಟಾ ತಾನಾಗಿಯೇ ಬಂದು ಸೆಟ್ಟಿಂಗಿನಲ್ಲಿ ಸೇರಿಕೊಂಡಿತ್ತು. ನಾನು ತೆಗೆಯುವುದು, ಅದು ಬಂದು ಕೂರುವುದು... ಊಟವಿಲ್ಲ, ಮೂಗಿನ ತುಂಬ ತೊಗರಿ ಹೊಟ್ಟಿನ ಧೂಳು. ತಲೆ ಕೆಟ್ಟು ಸರ್ವರಿನ ಹಿಂದೆ ಹೋಗಿ ಕಾಟಾದ ಕೇಬಲನ್ನೇ ಕಿತ್ತು ತಂದೆ.

ಈ ಸಲ ಬೇರೆ ಸಂದೇಶ ಬಂತು. ಸಾಧನ ಬಳಕೆಯಲ್ಲಿದೆ.

ಕೇಬಲ್ ನನ್ನ ಕೈಯಲ್ಲೇ ಇತ್ತು.

ಆಗ ಹೊರಗೆ ಕಬ್ಬಿಣ ಕಿರ್ರ್ ಎಂದಿತು. ಕಾಟಾದ ಮೇಲೆ ಭಾರ ಬಿದ್ದಾಗ ಬರುವ ಸದ್ದು. ಎದ್ದು ಹೋದೆ. ಕಾವಲುಗಾರ ಭೀಮರಾಯ ಪಡಸಾಲೆಯಲ್ಲಿ, ತೂಕ ತೋರಿಸುವ ಡಬ್ಬಿಯ ಮುಂದೆ ನಿಂತಿದ್ದರು. ಅದರಲ್ಲಿ ಕೆಂಪು ಅಂಕಿ. ಒಬ್ಬ ಮನುಷ್ಯನ ತೂಕದಷ್ಟು. ಕಾಟಾದ ಮೇಲೆ ಯಾರೂ ಇರಲಿಲ್ಲ.

ಹೆಗ್ಗಣ ಇರಬೇಕು ಅಂದೆ.

"ಹೆಗ್ಗಣ ಇಷ್ಟ ಭಾರ ಇರ್ತದೇನ್ರಿ ಮೇಡಂ?" ಅಂದರು, ದನಿ ತಗ್ಗಿಸಿ.

ಹೆದರಬೇಕಿತ್ತು. ಆದರೆ ಅಷ್ಟು ಹೊತ್ತಿನ ಸಿಟ್ಟೆಲ್ಲ ಬಾಯಿಗೆ ಬಂತು. ಮೆಟ್ಟಿಲ ಮೇಲೆ ನಿಂತು ಕತ್ತಲೆಗೆ ಹೇಳಿದೆ, "ಯಾರರೆ ಇರ್ರಿ, ಮೊದಲ ಇಳೀರಿ. ನಿಮ್ಮಿಂದ ನನ್ನ ಕೆಲಸ ನಿಂತದ. ಈ ಕಡಿ ಬರ್ರಿ."

ಮತ್ತೆ ಕಿರ್ರ್... ಅಂಕಿ ಸೊನ್ನೆಯಾಯಿತು.

ಒಳಗೆ ಬಂದು ಮತ್ತೊಮ್ಮೆ ಶುರು ಮಾಡಿದೆ. ಎಲ್ಲಿಯೂ ತಡೆಯಲಿಲ್ಲ. ಮಷೀನು ಕ್ಲೌಡಿನಲ್ಲಿ ಎದ್ದು ನಿಂತಿತು. ಖುಷಿಪಡಲು ಆಗಲಿಲ್ಲ. ಕೋಣೆಯಲ್ಲಿ ಹೊಳೆದಂಡೆಯ ಹಸಿ ಕೆಸರಿನ ವಾಸನೆ ತುಂಬಿತ್ತು. ಬಾಗಿಲು ಹಾಕಿಯೇ ಇತ್ತು.

ಬೆಳಿಗ್ಗೆ ಕಾಟಾಕ್ಕೆ, ತೂಕವನ್ನು ಕ್ಲೌಡಿಗೆ ಕಳಿಸುವ ಬೇರೆ ಪುಟ್ಟ ಪೆಟ್ಟಿಗೆ ಜೋಡಿಸಿ ಹೊರಟೆ. ಗೇಟಿಗೆ ಹೋಗಲು ಕಾಟಾದ ಮೇಲೆಯೇ ನಡೆಯಬೇಕು. ನಡುವೆ ಬಂದಾಗ ಭೀಮರಾಯ ಪಡಸಾಲೆಯಿಂದ ಕರೆದರು. ಅವರ ಕಣ್ಣು ಡಬ್ಬಿಯ ಮೇಲಿತ್ತು.

"ಮೇಡಂ... ಇದು ಒಬ್ಬರ ತೂಕ ಅಲ್ರಿ."

ನಾನು ಹಿಂದೆ ತಿರುಗಲಿಲ್ಲ.

ಮಿಲ್ಲಿನಲ್ಲಿ ಈಗ ಯಾವ ತೊಂದರೆಯೂ ಇಲ್ಲವಂತೆ. ನಾನು ಮಾತ್ರ ದವಾಖಾನೆಯಲ್ಲಿ ನರ್ಸ್ ತೂಕದ ಮಷೀನ್ ಹತ್ತಲು ಹೇಳಿದರೆ ಇವತ್ತಿಗೂ ಹತ್ತುವುದಿಲ್ಲ.