ದೇವದುರ್ಗದ ಬಸ್ಸಿನಿಂದ ಇಳಿದ ಅತಿಥಿ

ಮಿರ್ಚಿ ಎಣ್ಣೆಗೆ ಬಿದ್ದ ಸದ್ದು ಕಿವಿಗೆ ಬಿದ್ದ ಮೇಲೆ ಮನುಷ್ಯ ಎಷ್ಟು ಹೊತ್ತು ಜ್ಞಾನವನ್ನು ಸಹಿಸಿಕೊಳ್ಳಬಲ್ಲ ಎಂಬ ಪ್ರಶ್ನೆಗೆ ನನ್ನಲ್ಲಿ ಖಚಿತವಾದ ಉತ್ತರವಿದೆ: ಎಂಟು ನಿಮಿಷ. ಮಾನ್ವಿಯ ನಮ್ಮ ಸೇವಾ ಕ್ಲಬ್ಬಿನಲ್ಲಿ ಪ್ರತಿ ಗುರುವಾರ ಸಂಜೆ ಅತಿಥಿಗಳ ಭಾಷಣ, ಅದರ ಬೆನ್ನಿಗೇ ವಗ್ಗರಣಿ-ಮಿರ್ಚಿ, ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಭಾಷಣ ನಡೆಯುವ ಹಾಲಿಗೂ ಮಿರ್ಚಿ ಕರಿಯುವ ಹಿತ್ತಲಿಗೂ ನಡುವೆ ಇರುವುದು ಒಂದೇ ಕಿಟಕಿ, ಅದರ ಕದ ಮುಚ್ಚುವುದಿಲ್ಲ. ಅಲ್ಲಿಯವರೆಗೆ ಗಂಭೀರವಾಗಿ ತಲೆದೂಗುತ್ತಿದ್ದ ಸದಸ್ಯರೆಲ್ಲ ಕಡಲೆಹಿಟ್ಟಿನ ಘಮ ಒಳಬಂದದ್ದೇ ತಡ ಮೆಲ್ಲಗೆ ಕಿಟಕಿಯ ಕಡೆಗೆ ವಾಲತೊಡಗುತ್ತಾರೆ. ತಮ್ಮ ಮಾತಿನ ಮೋಡಿಗೇ ಸಭೆ ಹೀಗೆ ಓಲಾಡುತ್ತಿದೆ ಎಂದು ಭ್ರಮಿಸಿದ ಅತಿಥಿಗಳು ಇನ್ನಷ್ಟು ಹುರುಪಿನಿಂದ ಮುಂದುವರಿಯುತ್ತಾರೆ.

ಅತಿಥಿಗಳೆಂದರೆ ಎಂತೆಂಥವರು! 'ಎರಡೇ ಮಾತು ಹೇಳಿ ಮುಗಿಸುತ್ತೇನೆ' ಎನ್ನದವರನ್ನು ನಾನು ಇದುವರೆಗೆ ಕಂಡಿಲ್ಲ; ಎರಡಕ್ಕೇ ಮುಗಿಸಿದವರನ್ನೂ ಕಂಡಿಲ್ಲ. ಒಬ್ಬ ಯೋಗಗುರುಗಳು ನಮ್ಮ ರೈಸ್‌ಮಿಲ್ಲಿನ ಮಾಲೀಕರನ್ನೆಲ್ಲ ಕುರ್ಚಿಯಿಂದ ಕೆಳಗಿಳಿಸಿ ನೆಲದ ಮೇಲೆ ಅಂಗಾತ ಮಲಗಿಸಿ ಧ್ಯಾನ ಮಾಡಿಸಿದರು, ಅವರಲ್ಲಿ ಅರ್ಧ ಜನ ಗೊರಕೆಯ ಹಂತದವರೆಗೂ ಸಾಧನೆ ಮಾಡಿದರು. ಹಲ್ಲಿನ ಡಾಕ್ಟರೊಬ್ಬರು ಹುಳುಕು ಹಲ್ಲುಗಳನ್ನು ಪರದೆಯ ಮೇಲೆ ಕುಂಬಳಕಾಯಿಯಷ್ಟು ದೊಡ್ಡದಾಗಿ ತೋರಿಸಿದ ದಿನ ಮಿರ್ಚಿ ಮೊದಲ ಬಾರಿಗೆ ಉಳಿಯಿತು. ಹಾವು ಹಿಡಿಯುವವರು ತಮ್ಮ ಮಾತಿಗೆ ಸಾಕ್ಷಿಯನ್ನು ಚೀಲದಲ್ಲೇ ತಂದಿದ್ದರು. ಆ ಸಂಜೆ ವಂದನಾರ್ಪಣೆಯನ್ನು ನಾವು ರಸ್ತೆಯ ಮೇಲೆ ನಿಂತು ಮಾಡಬೇಕಾಯಿತು.

ಇವರನ್ನೆಲ್ಲ ಹುಡುಕಿ ಕರೆತರುವ ಹೊಣೆ ನನ್ನದು. ತಹಶೀಲ್ ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡ ಗಿರಿಜಕ್ಕ ಎಂದರೆ ಊರಲ್ಲಿ ಯಾರಾದರೂ ತೋರಿಸುತ್ತಾರೆ. ಯಾರದೋ ಹೊಲದ ಪಹಣಿ, ಇನ್ಯಾರದೋ ಮಗಳ ಅಂಕಪಟ್ಟಿ, ಎಲ್ಲವೂ ನನ್ನ ಯಂತ್ರದ ಹೊಟ್ಟೆಯೊಳಗೆ ಹೋಗಿ ಬಂದವೇ. ಹೀಗಾಗಿ ಜಾಣರ ವಿಳಾಸ ನನಗೇ ಹೆಚ್ಚು ಗೊತ್ತೆಂದು ಕ್ಲಬ್ಬಿನವರು ತೀರ್ಮಾನಿಸಿದಾಗ ನಾನು ಎರಡು ಸಲ ಬೇಡವೆಂದು ತಲೆಯಾಡಿಸಿ ಮೂರನೆಯ ಸಲ ಒಪ್ಪಿಕೊಂಡೆ. ನಿಮ್ಮಲ್ಲಿ ಮುಚ್ಚಿಡುವುದೇನು, ಮೊದಲನೆಯ ಸಲವೇ ಕುಣಿದಾಡಬೇಕೆನ್ನಿಸಿತ್ತು. ಪಿಯುಸಿ ಎರಡನೆಯ ವರ್ಷದ ಪುಸ್ತಕ ಕೊಂಡ ವಾರವೇ ನನ್ನ ಮದುವೆ ಗೊತ್ತಾಯಿತು. ಆ ಪುಸ್ತಕಗಳಿಗೆ ರಟ್ಟು ಹಾಕಿದ್ದಷ್ಟೇ ನನ್ನ ಉನ್ನತ ಶಿಕ್ಷಣ. ಈಗ ನಲವತ್ತು ದಾಟಿದ ಮೇಲೆ ವಾರಕ್ಕೊಂದು ತಾಸು ಯಾರೋ ಎದುರಿಗೆ ನಿಂತು ನಕ್ಷತ್ರಗಳ ಬಗ್ಗೆ, ಮೂತ್ರಪಿಂಡದ ಬಗ್ಗೆ, ಶಾಸನಗಳ ಬಗ್ಗೆ ನನಗೆ ಪಾಠ ಹೇಳುತ್ತಾರೆ. ಉಳಿದವರಿಗೆ ಅದು ಮಿರ್ಚಿಗೆ ಮೊದಲಿನ ಶಿಕ್ಷೆ ಇರಬಹುದು, ನನಗೆ ಮಾತ್ರ ಗುರುವಾರವೆಂದರೆ ಕಾಲೇಜು. ಮೂರನೆಯ ಸಾಲಿನಲ್ಲಿ ಕೂತು ಬಳಸಿದ ಕಾಗದದ ಖಾಲಿ ಮಗ್ಗುಲಲ್ಲಿ ನೋಟ್ಸ್ ಬರೆದುಕೊಳ್ಳುವಾಗ ನನಗೆ ಹದಿನೇಳು ವರ್ಷ.

ಆ ಕಾಲೇಜಿನ ಬಾಗಿಲಿಗೇ ಬೀಗ ಬೀಳುವ ಹೊತ್ತು ಬಂತು. ನಮ್ಮ ಅಧ್ಯಕ್ಷರು ವಿರೂಪಾಕ್ಷಪ್ಪ ಸಾಹುಕಾರರು, ಎರಡು ರೈಸ್‌ಮಿಲ್ಲುಗಳ ಒಡೆಯರು. ಸಭೆ ಶುರುವಾಗುವ ಮುನ್ನ ಅವರು ಬೆರಳು ಮುಂದೆ ಮಾಡಿ ತಲೆ ಎಣಿಸುತ್ತಾರೆ, ಎಣಿಕೆ ಸಾಕಷ್ಟಾದರೆ ಮೇಜಿನ ಗಂಟೆ ಬಾರಿಸುತ್ತಾರೆ. ಈಚೆಗೆ ಆ ಬೆರಳು ಬೇಗ ಬೇಗ ನಿಲ್ಲತೊಡಗಿತ್ತು. ಅದರ ಮೇಲೆ ಎರಡು ವಾರ ಸಾಲಾಗಿ ಅತಿಥಿಗಳೂ ಕೈಕೊಟ್ಟರು. ಈ ಗುರುವಾರವೂ ಹೀಗೇ ಆದರೆ ವಾರದ ಸಭೆ ನಿಲ್ಲಿಸಿ ತಿಂಗಳಿಗೊಂದು ಮಾಡುವುದೆಂದು ಸಾಹುಕಾರರು ಹೇಳಿಬಿಟ್ಟರು. ಊಟವನ್ನು ತಿಂಗಳಿಗೊಮ್ಮೆ ಮಾಡು ಎಂದಷ್ಟು ನನಗೆ ಸಂಕಟವಾಯಿತು.

ಹಟ ತೊಟ್ಟು ದೇವದುರ್ಗದ ಡಾಕ್ಟರ್ ಅಮರೇಗೌಡರನ್ನು ಒಪ್ಪಿಸಿದೆ. ನಿವೃತ್ತ ಪಶುವೈದ್ಯರು, ಕುರಿಗಳ ಬಗ್ಗೆ ಮಾತಾಡುವವರು. ಐದು ಗಂಟೆಯ ಬಸ್ಸಿಗೆ ಬರುತ್ತೇನೆಂದರು. ಕರೆತರಲು ಹೋದವನು ಫೋಟೊ ಸ್ಟುಡಿಯೋದ ಮೌನೇಶ, ಅವನ ಬೈಕಿನ ಹಿಂದೆ ಕೂತು ಬಾರದ ಅತಿಥಿಯೇ ಇಲ್ಲ.

ಇಲ್ಲಿ ನಮ್ಮ ಊರಿನ ಒಂದು ರೀತಿಯನ್ನು ನಿಮಗೆ ಹೇಳಬೇಕು. ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಕುಶಲ, ಮಳೆ ಬೆಳೆ. 'ನಿಮ್ಮ ಹೆಸರೇನು' ಎಂದು ಬಾಯಿಬಿಟ್ಟು ಕೇಳುವುದು ಬಾಗಿಲಲ್ಲೇ ನಿಲ್ಲಿಸಿದಷ್ಟು ಅವಮಾನ. ಅದರಲ್ಲೂ ಅತಿಥಿಯನ್ನು ಕೇಳುವುದುಂಟೆ? ಮೌನೇಶ ಬಸ್ಸಿನಿಂದ ಇಳಿದವರಲ್ಲಿ ಬಿಳಿ ಧೋತರ, ಬಿಳಿ ಅಂಗಿಯ ಹಿರಿಯರೊಬ್ಬರನ್ನು ಕಂಡು, ದೇವದುರ್ಗದಿಂದ ಬಂದಿರಾ ಎಂದು ಕೇಳಿದನಂತೆ. ಹೌದೆಂದರು. ಕುರಿಯ ವಿಷಯಕ್ಕೇ ಅಲ್ಲವೇ ಎಂದನಂತೆ. ಅದಕ್ಕೂ ಹೌದೆಂದರು. ಸಾಹುಕಾರರು ಬೈಕ್ ಕಳಿಸಿದ್ದಾರೆ ಎಂದನಂತೆ, ಅವರು ನಗುತ್ತ ಹತ್ತಿ ಕೂತರು. ಇದಕ್ಕಿಂತ ಹೆಚ್ಚು ಯಾರಾದರೂ ಏನು ವಿಚಾರಿಸಿಯಾರು, ನೀವೇ ಹೇಳಿ.

ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು. ಡಾಕ್ಟರಾಗಿಯೂ ಎಷ್ಟು ಸರಳ ಎಂದು ನನ್ನ ಕಣ್ಣು ಒದ್ದೆಯಾಯಿತು. ಸಾಹುಕಾರರು ಕಂಬಳಿಯ ಮೇಲೇ ಶಾಲು ಹೊದಿಸಿದರು, ಹಾರ ಹಾಕಿದರು, ಹೆಸರು ಕೆತ್ತಿಸಿದ ನೆನಪಿನ ಕಾಣಿಕೆ ಕೈಗಿತ್ತರು. ನಾನು ಎದ್ದು ಪರಿಚಯ ಓದಿದೆ. ಡಾಕ್ಟರ್ ಅಮರೇಗೌಡರು ಎಂಬ ಹೆಸರು ಬಂದಾಗ ಸಭೆ ಚಪ್ಪಾಳೆ ತಟ್ಟಿತು; ಅತಿಥಿಗಳೂ ಸಂತೋಷದಿಂದ ತಟ್ಟಿ, ಅವರೆಲ್ಲಿ ಕೂತಿದ್ದಾರೆಂದು ಹಾಲಿನ ತುಂಬ ಕಣ್ಣಾಡಿಸಿದರು. ಅದನ್ನೂ ನಾನು ವಿನಯವೆಂದೇ ತಿಳಿದೆ. ಒಮ್ಮೆ ತಿಳಿದುಕೊಂಡ ಮೇಲೆ ಕಣ್ಣಿಗೆ ಕಂಡದ್ದೆಲ್ಲ ನಮ್ಮ ತಿಳಿವಳಿಕೆಯ ಕಡೆಗೇ ಸಾಕ್ಷಿ ನುಡಿಯುತ್ತದೆ.

ಅವರು ಮಾತು ಶುರುಮಾಡಿ ಒಂದೆರಡು ನಿಮಿಷವಾಗಿರಬೇಕು, ನನ್ನ ಫೋನು ನಡುಗಿತು. ಹಿತ್ತಲಿಗೆ ಓಡಿ ಬಾಣಲೆಯ ಪಕ್ಕ ನಿಂತು ಕಿವಿಗಿಟ್ಟುಕೊಂಡೆ.

“ಗಿರಿಜಮ್ಮಾರ, ನಿಮ್ಮ ಕ್ಲಬ್ಬು ಗದ್ದಿಯೊಳಗ ಅದೇನ್ರಿ?” ಎಂದಿತು ಬಲು ಸಭ್ಯವಾದ ದನಿ. “ನಾನು ಡಾಕ್ಟರ್ ಅಮರೇಗೌಡ. ನಿಮ್ಮವರೊಬ್ಬರು ಬೈಕಿನ ಮ್ಯಾಲೆ ಕರಕೊಂಡು ಬಂದು ಹೊಲ ತೋರಿಸಾಕತ್ತಾರ. ಎಷ್ಟು ದಿನ ಇರ್ತೀರಿ ಅಂತ ಕೇಳ್ತಾರ. ಒಂದ ತಾಸು ಅಂದ್ರ ಸಿಟ್ಟಿಗೆ ಬಂದಾರ.”

ಒಂದೇ ಕ್ಷಣದಲ್ಲಿ ಎಲ್ಲವೂ ಬೆಳಕಾಯಿತು. ಭತ್ತದ ಕೊಯ್ಲು ಮುಗಿದ ಮೇಲೆ ಕುರಿ ಹಿಂಡಿನವರು ನಮ್ಮ ಕಾಲುವೆ ಕೆಳಗಿನ ಗದ್ದೆಗಳಿಗೆ ಬರುತ್ತಾರೆ. ಹಿಂಡನ್ನು ಹೊಲದಲ್ಲಿ ಕೆಲವು ದಿನ ತರುಬಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಕುರಿಗೆ ಮೇವು. ಅದನ್ನು ಮಾತಾಡಿ ಗೊತ್ತುಮಾಡಲು ಯಾರೋ ಬೇರೆ ಸಾಹುಕಾರರು ಬಸ್‌ಸ್ಟ್ಯಾಂಡಿಗೆ ಬೈಕು ಕಳಿಸಿದ್ದಾರೆ. ಒಂದೇ ಬಸ್ಸಿನಿಂದ ಇಬ್ಬರು ಇಳಿದಿದ್ದಾರೆ. ಮರ್ಯಾದಸ್ಥರಾದ ನಾಲ್ಕು ಜನರಲ್ಲಿ ಒಬ್ಬರೂ ಇನ್ನೊಬ್ಬರ ಹೆಸರು ಕೇಳಿಲ್ಲ. ಡಾಕ್ಟರು ಗದ್ದೆಯಲ್ಲಿದ್ದಾರೆ, ಕುರಿಗಾರರು ನಮ್ಮ ವೇದಿಕೆಯಲ್ಲಿ ಶಾಲು ಹೊದ್ದು ನಿಂತಿದ್ದಾರೆ.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸಾಹುಕಾರರ ಮಾತು ನೆನಪಾಯಿತು. ಈಗ ಒಳಗೆ ಹೋಗಿ ನಿಜ ಹೇಳಿದರೆ ಸಭೆ ಅಲ್ಲಿಗೇ ಮುಗಿಯುತ್ತದೆ, ಅದರ ಜೊತೆ ನನ್ನ ಗುರುವಾರಗಳೂ. ಮೌನೇಶನನ್ನು ಸನ್ನೆ ಮಾಡಿ ಕರೆದು ಗದ್ದೆಗೆ ಓಡಿಸಿದೆ. ನಾನು ಮಾತ್ರ ಬಾಯಿ ಬಿಗಿಹಿಡಿದು ಮೂರನೆಯ ಸಾಲಿಗೆ ಬಂದು ಕೂತೆ. ಕಳ್ಳತನವೆನ್ನಿ, ನನಗೆ ಆ ಹೊತ್ತಿಗೆ ಅದು ಆತ್ಮರಕ್ಷಣೆಯಾಗಿತ್ತು.

ಕೂತವಳಿಗೆ ಮೊದಲು ಕಂಡದ್ದು, ಯಾರೂ ಕಿಟಕಿಯ ಕಡೆಗೆ ವಾಲಿಲ್ಲ ಎಂಬುದು. ಆ ಹಿರಿಯರ ಹೆಸರು ಬೀರಪ್ಪ ಎಂದು ಆಮೇಲೆ ತಿಳಿಯಿತು. ತಮ್ಮ ಕುರಿಗಳನ್ನು ಹೊಲಕ್ಕೆ ಬಿಟ್ಟುಕೊಳ್ಳುವ ಸಾಹುಕಾರರು ಊರ ಹಿರಿಯರನ್ನೆಲ್ಲ ಸೇರಿಸಿ ಹಿಂಡಿನ ವಿವರ ಕೇಳುತ್ತಿದ್ದಾರೆಂದು ಅವರು ನಂಬಿದ್ದರಾದ್ದರಿಂದ ಒಂದನ್ನೂ ಮುಚ್ಚಿಡದೆ ಹೇಳುತ್ತಿದ್ದರು. ಲಾರಿಗಳ ನಡುವೆ ಹಿಂಡನ್ನು ರಸ್ತೆ ದಾಟಿಸುವುದು, ಕಾಲುವೆಯ ನೀರಿಗೆ ಹೆದರುವ ಕುರಿಯ ಮುಂದೆ ಹೆದರದ ಆಡನ್ನು ನಡೆಸುವುದು, ಹಾದಿಯಲ್ಲೇ ಈದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೊರುವುದು, ಆಗ ತಾಯಿಕುರಿ ಕಂಬಳಿಯ ವಾಸನೆ ಹಿಡಿದು ಹಿಂದೆಯೇ ಬರುವುದು. ಎರಡೇ ಮಾತು ಎಂದು ಅವರು ಹೇಳಿರಲಿಲ್ಲ. ಹಿತ್ತಲಲ್ಲಿ ಮಿರ್ಚಿ ಕರಿಯುವವನು ಉರಿ ಸಣ್ಣ ಮಾಡಿ ಕಿಟಕಿಗೆ ಮುಖವಿಟ್ಟು ನಿಂತಿದ್ದ.

ಅಧ್ಯಕ್ಷರಾದಾಗಿನಿಂದ ಒಂದು ಪ್ರಶ್ನೆಯನ್ನೂ ಕೇಳದಿದ್ದ ವಿರೂಪಾಕ್ಷಪ್ಪ ಸಾಹುಕಾರರು ಆವತ್ತು ಮುಂದಕ್ಕೆ ಬಾಗಿ ಕೇಳಿದರು, ಅಷ್ಟು ಕುರಿಗಳನ್ನು ದಿನಾ ಸಂಜೆ ಎಣಿಸುವುದು ಹೇಗೆ?

“ಎಣಿಸಂಗಿಲ್ರಿ ಯಪ್ಪಾ,” ಎಂದರು ಬೀರಪ್ಪನವರು. “ಯಾವುದು ಇಲ್ಲ ಅನ್ನೂದು ಕಾಣ್ತದ್ರಿ. ಎಣಿಸಾವ್ಗ ಎಷ್ಟು ಅದಾವ ಅನ್ನೂದಷ್ಟ ತಿಳೀತದ.”

ನಾನು ಬರೆದುಕೊಳ್ಳುವುದನ್ನು ಮರೆತೆ. ಅಂಗಡಿಯಲ್ಲಿ ದಿನವಿಡೀ ಪುಟ ಎಣಿಸುವವಳು ನಾನು, ಈ ಸಭೆಯಲ್ಲಿ ಕೂತವರೆಲ್ಲ ಏನಾದರೊಂದನ್ನು ಎಣಿಸುವವರೇ. ಬಾರದೇ ಹೋದ ಸದಸ್ಯರು ಯಾರು, ಅವರೇಕೆ ಬರುತ್ತಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾನು ಹುಡುಕಿ ತಂದ ಜಾಣರ ಪೈಕಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಬೈಕು ತಪ್ಪಿ ಬಂದವರು ಹೇಳಿದರು.

ಅಷ್ಟರಲ್ಲಿ ಡಾಕ್ಟರು ಬಂದರು. ಧೋತರದ ಅಂಚಿಗೆ ಗದ್ದೆಯ ಕೆಸರು, ಅದನ್ನು ಬಿಟ್ಟರೆ ಗಾಂಭೀರ್ಯಕ್ಕೆ ಏನೂ ಕುಂದಿಲ್ಲ. ಕೊನೆಯ ಸಾಲಿನಲ್ಲಿ ಕೂತು ಮೊಣಕಾಲಿನ ಮೇಲೆ ಕೈಯಿಟ್ಟು ಕೇಳತೊಡಗಿದರು. ಕೊನೆಗೆ ಸಾಹುಕಾರರು ಎದ್ದು, ಡಾಕ್ಟರ್ ಅಮರೇಗೌಡರಿಗೆ ಕ್ಲಬ್ಬು ಚಿರಋಣಿ ಎಂದಾಗ, ಕೊನೆಯ ಸಾಲಿನಲ್ಲಿದ್ದ ಅಮರೇಗೌಡರು ಅಭ್ಯಾಸಬಲದಿಂದ ಎದ್ದು ನಿಂತು ಕೈ ಮುಗಿದರು. ವೇದಿಕೆಯ ಮೇಲಿದ್ದವರೂ ಮುಗಿದರು. ಸಭೆ ಇಬ್ಬರನ್ನೂ ನೋಡಿತು, ಆಮೇಲೆ ಒಟ್ಟಾಗಿ ನನ್ನನ್ನು ನೋಡಿತು.

ಹೇಳಲೇಬೇಕಾಯಿತು. ತಪ್ಪು ನನ್ನದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು, ಇನ್ನು ಈ ಹೊಣೆಯನ್ನು ಬೇರೆಯವರಿಗೆ ಕೊಡಿ ಎಂದೆ. ಬೀರಪ್ಪನವರು ಕೈಯಲ್ಲಿದ್ದ ಕಾಣಿಕೆಯನ್ನು ತಿರುಗಿಸಿ ನೋಡಿ, ಇದರಲ್ಲಿ ನಿಮ್ಮ ಹೆಸರಿದೆಯಂತೆ ಎಂದು ಡಾಕ್ಟರಿಗೆ ಕೊಟ್ಟರು. ಆಮೇಲೆ ಸಾಹುಕಾರರ ಕಡೆ ತಿರುಗಿ, ಕುರಿ ಯಾವತ್ತು ತರುಬಲಿ ಎಂದು ಬಲು ಶ್ರದ್ಧೆಯಿಂದ ಕೇಳಿದರು. ಸಭೆ ನಕ್ಕ ನಗೆಗೆ ಮೇಜಿನ ಗಂಟೆ ತಾನಾಗಿ ಝಣಗುಟ್ಟಿತು. ಸಾಹುಕಾರರು ನಗಲೂ ಆಗದೆ ಸಿಟ್ಟಾಗಲೂ ಆಗದೆ ಕೆಂಪಾಗಿ ನಿಂತಿದ್ದರು, ನನ್ನ ಕಡೆ ನೋಡಲೇ ಇಲ್ಲ. ಡಾಕ್ಟರೂ ಬೀರಪ್ಪನವರೂ ಕುರಿಯ ಕಾಲುಬೇನೆಯ ಬಗ್ಗೆ ವಾದಿಸುತ್ತ ಒಂದೇ ತಟ್ಟೆಯ ಮಿರ್ಚಿಗೆ ಕೈಹಾಕುತ್ತಿದ್ದಾಗ ನಾನು ಚಪ್ಪಲಿ ಮೆಟ್ಟಿ ಮನೆಗೆ ನಡೆದುಬಿಟ್ಟೆ.

ಮುಂದಿನ ಗುರುವಾರ ಸಂಜೆ ಅಂಗಡಿಯಲ್ಲೇ ಕೂತಿದ್ದೆ. ಗಿರಾಕಿಗಳಿಲ್ಲದಿದ್ದರೂ ಯಂತ್ರ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆರು ಗಂಟೆ ದಾಟಿತು. ಕಾಲೇಜು ಎರಡನೆಯ ಸಲವೂ ತಪ್ಪಿತೆಂದು ಅಳು ಬಂತು. ಹದಿನೇಳರಲ್ಲಿ ಅಳದೆ ಉಳಿಸಿಕೊಂಡದ್ದು ಈಗ ಬಂದಿರಬೇಕು.

ಮೆಟ್ಟಿಲ ಮೇಲೆ ನೆರಳು ಬಿತ್ತು. ನನ್ನ ಅಂಗಡಿಗೆ ಎಂದೂ ತಾವಾಗಿ ಬಾರದ ವಿರೂಪಾಕ್ಷಪ್ಪ ಸಾಹುಕಾರರು ಏದುಸಿರು ಬಿಡುತ್ತ ನಿಂತಿದ್ದರು. ಡಾಕ್ಟರನ್ನು ನಾವೇ ಹೋಗಿ ಕರೆತಂದಿದ್ದೇವೆ, ಈ ಸಲ ಹೆಸರು ಕೇಳಿಯೇ ಬೈಕ್ ಹತ್ತಿಸಿಕೊಂಡೆವು ಎಂದರು. ತಿಂಗಳಿಗೊಂದು ಸಭೆಯ ಮಾತನ್ನು ಬಿಟ್ಟುಬಿಡಿ ಎಂದರು. ಡಾಕ್ಟರು ಎದ್ದು ನಿಂತು ಎಷ್ಟೋ ಹೊತ್ತಾಗಿದೆ, ಭಾಷಣ ಶುರುಮಾಡಲು ಸಭೆಯೇ ಬಿಡುತ್ತಿಲ್ಲ ಎಂದರು.

ಎಷ್ಟು ಜನ ಬಂದಿದ್ದಾರೆಂದು ಕೇಳಿದೆ.

“ಎಣಿಸಿಲ್ಲ,” ಎಂದರು ಸಾಹುಕಾರರು. “ನೀವಿಲ್ಲ ಅನ್ನೂದು ಕಂಡಿತು, ಬಂದೆ. ನಡೀರಿ ತಂಗಿ.”